ಕತ್ತಿನ ಗಂಟು, ಅರೆಬರೆ ವರದಿ ಮತ್ತು ಡಿಎನ್‌ಎ ಮೇಲಿನ ಗುರುತು

ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಎದ್ದ ಗಂಟಿಗೆ ಸೂಜಿ ಪರೀಕ್ಷೆ ಮಾಡಿಸಿಕೊಂಡವರ ವರದಿಯಲ್ಲಿ ಎರಡು ಸಂಖ್ಯೆಗಳು ರೋಗಿಯನ್ನೂ ವೈದ್ಯರನ್ನೂ ಒಟ್ಟಿಗೇ ಇಕ್ಕಟ್ಟಿಗೆ ಸಿಲುಕಿಸುತ್ತವೆ: ಬೆಥೆಸ್ಡಾ 3 ಮತ್ತು ಬೆಥೆಸ್ಡಾ 4. ಬೆಥೆಸ್ಡಾ ಎಂದರೆ ಸೂಜಿ ಪರೀಕ್ಷೆಯ ಫಲಿತಾಂಶವನ್ನು 1ರಿಂದ 6ರವರೆಗೆ ವಿಂಗಡಿಸುವ ಕ್ರಮ. ವರದಿಯಲ್ಲಿ 2 ಎಂದಿದ್ದರೆ ಗಂಟು ನಿರುಪದ್ರವಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು. 6 ಎಂದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. ಸುದ್ದಿ ಕೆಟ್ಟದ್ದೇ ಆದರೂ ಮುಂದಿನ ದಾರಿ ಸ್ಪಷ್ಟವಾಗಿದೆ. 3 ಮತ್ತು 4 ಹೇಳುವುದು ಮಾತ್ರ 'ಇರಬಹುದು, ಇಲ್ಲದಿರಲೂಬಹುದು' ಎಂದು. 2023ರಲ್ಲಿ ಪರಿಷ್ಕೃತವಾದ ಬೆಥೆಸ್ಡಾ ವರ್ಗೀಕರಣದ ಪ್ರಕಾರ 3ನೇ ವರ್ಗದ ಗಂಟುಗಳಲ್ಲಿ ಸರಾಸರಿ ಶೇ 22ರಷ್ಟು, 4ನೇ ವರ್ಗದಲ್ಲಿ ಶೇ 30ರಷ್ಟು ಕ್ಯಾನ್ಸರ್ ಆಗಿರುತ್ತವೆ. ಅಂದರೆ ಈ ವರದಿ ಪಡೆದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಯಾರಿಗಿಲ್ಲ ಎಂಬುದು ಗಂಟನ್ನು ಕತ್ತರಿಸಿ ತೆಗೆದ ಮೇಲಷ್ಟೇ ತಿಳಿಯುತ್ತದೆ.

ಡಿಎನ್‌ಎ ಮಿಥೈಲೀಕರಣದ ಗುರುತುಗಳನ್ನು, ಅಂದರೆ ಡಿಎನ್‌ಎ ಮೇಲೆ ಅಂಟಿಕೊಳ್ಳುವ ಪುಟ್ಟ ರಾಸಾಯನಿಕ ಗುರುತುಗಳನ್ನು ಓದಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಮಾಡುವ ಸಂಶೋಧನೆ ಈ ಇಕ್ಕಟ್ಟನ್ನು ಬಿಡಿಸಲು ಹೊರಟಿದೆ. 'ಕ್ಯಾನ್ಸರ್ ಪತ್ತೆಗೆ ಹೊಸ ಪರೀಕ್ಷೆ' ಎಂಬ ಶೀರ್ಷಿಕೆಯಡಿ ಇಂಥ ಸುದ್ದಿಗಳು ಬಂದಾಗ ನಾವು ಓದುವ ಕ್ರಮದಲ್ಲೇ ಒಂದು ತಪ್ಪು ನುಸುಳುತ್ತದೆ. ಹೆಚ್ಚು ಕ್ಯಾನ್ಸರ್‌ಗಳನ್ನು ಹುಡುಕಿಕೊಡುವ ಪರೀಕ್ಷೆ ನಮಗೆ ಬೇಕಾಗಿಲ್ಲ. ಕ್ಯಾನ್ಸರ್ ಇಲ್ಲದವರನ್ನು ಶಸ್ತ್ರಚಿಕಿತ್ಸೆಯ ಮೇಜಿನಿಂದ ದೂರವಿಡುವ ಪರೀಕ್ಷೆ ಬೇಕು. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಿಗೆ ಇದರಿಂದ ಏನು ಪ್ರಯೋಜನ ಎಂಬುದನ್ನು ನಾನು ಇದೇ ಅಳತೆಗೋಲಿನಿಂದ ನೋಡುತ್ತೇನೆ.

ಮೊದಲು ಸೂಜಿ ಪರೀಕ್ಷೆ ಏಕೆ ಸೋಲುತ್ತದೆ ಎಂಬುದನ್ನು ತಿಳಿಯಬೇಕು. ಆಸ್ಪತ್ರೆಗಳಲ್ಲಿ ಎಲ್ಲರೂ ಎಫ್‌ಎನ್‌ಎಸಿ ಎನ್ನುವ ಈ ಪರೀಕ್ಷೆಯಲ್ಲಿ ಸಣ್ಣ ಸೂಜಿಯಿಂದ ಗಂಟಿನೊಳಗಿನ ಒಂದಿಷ್ಟು ಜೀವಕೋಶಗಳನ್ನು ಹೀರಿ ತೆಗೆದು, ಗಾಜಿನ ಸ್ಲೈಡ್ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಪ್ಯಾಪಿಲರಿ ಬಗೆ. ಅದರ ಕೋಶಕೇಂದ್ರಗಳಿಗೆ ತಮ್ಮದೇ ಚಹರೆ ಇರುವುದರಿಂದ ನುರಿತ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಫಾಲಿಕ್ಯುಲರ್ ಬಗೆಯ ಕಥೆ ಬೇರೆ. ನಿರುಪದ್ರವಿ ಫಾಲಿಕ್ಯುಲರ್ ಅಡಿನೋಮಾದ ಜೀವಕೋಶವೂ ಫಾಲಿಕ್ಯುಲರ್ ಕ್ಯಾನ್ಸರಿನ ಜೀವಕೋಶವೂ ನೋಡಲು ಒಂದೇ ತೆರ. ವ್ಯತ್ಯಾಸ ಇರುವುದು ಗಂಟಿನ ಸುತ್ತಲಿನ ಪೊರೆಯಲ್ಲಿ: ಜೀವಕೋಶಗಳು ಆ ಪೊರೆಯನ್ನೋ ರಕ್ತನಾಳವನ್ನೋ ಭೇದಿಸಿ ಹೊರಗೆ ನುಗ್ಗಿದ್ದರೆ ಕ್ಯಾನ್ಸರ್, ಇಲ್ಲದಿದ್ದರೆ ಅಲ್ಲ. ಗಂಟಿನ ನಡುವಿನಿಂದ ಕೋಶಗಳನ್ನು ಹೀರುವ ಸೂಜಿಗೆ ಪೊರೆ ಹರಿದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಆದ್ದರಿಂದ ವರದಿ ಅನಿಶ್ಚಿತವಾಗಿ ಬಂದಾಗಲೆಲ್ಲ ಪೆಥಾಲಜಿ ವೈದ್ಯರ ಕೈಗುಣವನ್ನು ದೂರುವುದು ಅನ್ಯಾಯ. ಪರೀಕ್ಷೆಯ ಮಿತಿಯೇ ಅಷ್ಟು.

ಆಗ ವೈದ್ಯರು ಸಾಮಾನ್ಯವಾಗಿ ಸೂಚಿಸುವುದು ಥೈರಾಯ್ಡ್ ಗ್ರಂಥಿಯ ಅರ್ಧ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆ. 'ಗಂಟು ತಾನೇ, ತೆಗೆಸಿಬಿಡಿ' ಎಂದು ಮನೆಯವರು ಒತ್ತಾಯಿಸುವುದೂ ಸಹಜ. ಆದರೆ ಗ್ರಂಥಿಯ ಹಿಂಬದಿಯಲ್ಲಿ ಧ್ವನಿಯನ್ನು ನಿಯಂತ್ರಿಸುವ ನರ ಹಾದುಹೋಗುತ್ತದೆ, ಅಂಟಿಕೊಂಡಂತೆ ಕ್ಯಾಲ್ಸಿಯಂ ಕಾಯುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಪೂರ್ತಿ ಗ್ರಂಥಿ ತೆಗೆದವರು ಜೀವನವಿಡೀ ಥೈರಾಕ್ಸಿನ್ ಮಾತ್ರೆ ನುಂಗಬೇಕು. ಅರ್ಧ ತೆಗೆಸಿಕೊಂಡವರಲ್ಲೂ ಹಲವರಿಗೆ ಅದು ತಪ್ಪುವುದಿಲ್ಲ. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆಯಾದರೂ ಕಾಫಿ ಕುಡಿಯದೆ ಇರಬೇಕು, ಏಕೆಂದರೆ ಕಾಫಿ ಮಾತ್ರೆಯನ್ನು ಮೈ ಸರಿಯಾಗಿ ಹೀರಿಕೊಳ್ಳದಂತೆ ಮಾಡುತ್ತದೆ. ಬಾಬಾಬುಡನ್‌ಗಿರಿಯ ತಪ್ಪಲಿನವರಿಗೆ ಇದಕ್ಕಿಂತ ಕಠಿಣ ಪಥ್ಯ ಇನ್ನೊಂದಿರಲಾರದು. ಕ್ಯಾನ್ಸರ್ ಇದ್ದವರು ಇದನ್ನೆಲ್ಲ ಒಪ್ಪಿಕೊಳ್ಳುತ್ತಾರೆ. ಇಲ್ಲದವರಿಗೆ ಏಕೆ ಈ ಪಾಡು?

ಈ ಹಂತದಲ್ಲಿ ಮಿಥೈಲೀಕರಣದ ವಿಜ್ಞಾನ ನೆರವಿಗೆ ಬರುತ್ತದೆ. ನಮ್ಮ ದೇಹದ ಎಲ್ಲ ಜೀವಕೋಶಗಳಲ್ಲೂ ಡಿಎನ್‌ಎ ಬರಹ ಹೆಚ್ಚುಕಡಿಮೆ ಒಂದೇ. ಆದರೂ ಥೈರಾಯ್ಡ್ ಕೋಶ ಹಾರ್ಮೋನ್ ತಯಾರಿಸುತ್ತದೆ, ಚರ್ಮದ ಕೋಶ ತಯಾರಿಸುವುದಿಲ್ಲ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ತೀರ್ಮಾನಿಸುವ ವ್ಯವಸ್ಥೆಗಳಲ್ಲಿ ಒಂದು ಮಿಥೈಲೀಕರಣ. ಡಿಎನ್‌ಎ ಸರಪಳಿಯಲ್ಲಿ ಸೈಟೊಸಿನ್ ಎಂಬ ಅಕ್ಷರದ ಪಕ್ಕದಲ್ಲೇ ಗ್ವಾನಿನ್ ಎಂಬ ಅಕ್ಷರ ಇರುವ ಸುಮಾರು 2 ಕೋಟಿ 80 ಲಕ್ಷ ತಾಣಗಳು ಮನುಷ್ಯನ ಜೀನೋಮ್‌ನಲ್ಲಿವೆ. ಆ ಸೈಟೊಸಿನ್‌ಗೆ ಒಂದು ಇಂಗಾಲ, ಮೂರು ಜಲಜನಕದ ಪುಟ್ಟ ಮಿಥೈಲ್ ಗುಂಪು ಅಂಟಿಕೊಳ್ಳಬಲ್ಲದು. ಜೀನ್ ಆರಂಭವಾಗುವ ಜಾಗದಲ್ಲಿ ಹೀಗೆ ದಟ್ಟವಾಗಿ ಅಂಟಿಕೊಂಡರೆ ಸಾಮಾನ್ಯವಾಗಿ ಆ ಜೀನ್ ಮೌನವಾಗುತ್ತದೆ. ತೋಟದ ನಕ್ಷೆ ಬದಲಾಗದೆ, ಯಾವ ಗೇಟಿಗೆ ಬೀಗ ಬಿದ್ದಿದೆ ಎಂಬುದು ಮಾತ್ರ ಬದಲಾದಂತೆ.

ಕ್ಯಾನ್ಸರ್ ಕೋಶಗಳಲ್ಲಿ ಈ ವ್ಯವಸ್ಥೆ ಎರಡು ದಿಕ್ಕಿನಲ್ಲಿ ಕೆಡುತ್ತದೆ. ಒಟ್ಟಾರೆ ಜೀನೋಮ್‌ನಲ್ಲಿ ಮಿಥೈಲ್ ಗುರುತುಗಳು ಕಡಿಮೆಯಾಗುತ್ತವೆ. ಇದನ್ನು ವಿಜ್ಞಾನಿಗಳು 1983ರಲ್ಲೇ ಗಮನಿಸಿದ್ದರು. ಅದೇ ಹೊತ್ತಿಗೆ ಗೆಡ್ಡೆ ಬೆಳೆಯದಂತೆ ತಡೆಯುವ ಕೆಲವು ಜೀನ್‌ಗಳ ಮೇಲೆ ಗುರುತುಗಳು ಅತಿಯಾಗುತ್ತವೆ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಹೀಗೆ ಬಾಯಿ ಮುಚ್ಚಿಸಿಕೊಂಡ ಜೀನ್‌ಗಳಲ್ಲಿ ಆರ್‌ಎಎಸ್‌ಎಸ್‌ಎಫ್1ಎ, ಟಿಐಎಂಪಿ3, ಡಿಎಪಿಕೆ, ಎಸ್‌ಎಲ್‌ಸಿ5ಎ8, ಪಿಟಿಇಎನ್ ಮುಖ್ಯವಾದವು. ಥೈರಾಯ್ಡ್ ಕೋಶಕ್ಕೆ ಅಯೋಡಿನ್ ಒಳತರುವ ಪ್ರೋಟೀನಿನ ಜೀನ್ ಕೂಡ ಕೆಲವು ಕ್ಯಾನ್ಸರ್‌ಗಳಲ್ಲಿ ಇದೇ ರೀತಿ ಮೌನವಾಗುತ್ತದೆ. ಅಂಥ ಗೆಡ್ಡೆಗಳು ಶಸ್ತ್ರಚಿಕಿತ್ಸೆಯ ನಂತರ ಕೊಡುವ ವಿಕಿರಣಶೀಲ ಅಯೋಡಿನ್‌ಗೆ ಬಗ್ಗುವುದಿಲ್ಲ. ಗುರುತುಗಳು ಕ್ಯಾನ್ಸರಿನ ನೆರಳಷ್ಟೇ ಅಲ್ಲ, ಅದರ ವರ್ತನೆಯಲ್ಲೂ ಪಾಲುದಾರರು ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಒಂದು ಜೀನ್ ನೋಡಿ ಹೇಳಿಬಿಡಬಹುದಲ್ಲ ಎಂದರೆ, ಇಲ್ಲ. ಮೊದಮೊದಲು ಸಂಶೋಧಕರಿಗೂ ಆ ಆಸೆ ಇತ್ತು. ಆರ್‌ಎಎಸ್‌ಎಸ್‌ಎಫ್1ಎ ಮೇಲಿನ ಗುರುತು ನಿರುಪದ್ರವಿ ಅಡಿನೋಮಾಗಳಲ್ಲೂ ಸಿಕ್ಕಾಗ ಆ ಆಸೆ ಕರಗಿತು. ಒಂದು ಗುರುತನ್ನು ನಂಬುವ ಬದಲು ಹತ್ತಾರು ತಾಣಗಳ ಮಾದರಿಯನ್ನು ಒಟ್ಟಾಗಿ ಓದಿ, ಗಣಕದ ಲೆಕ್ಕಾಚಾರದಿಂದ ತೀರ್ಪು ಕೊಡುವ ಕ್ರಮ ಅಲ್ಲಿಂದ ಮುಂದೆ ಬಂತು. ಈಗಿನ ಸಂಶೋಧನೆಗಳೆಲ್ಲ ಹೆಚ್ಚಾಗಿ ಇದೇ ದಾರಿಯವು. ಬೇರೆ ಅಂಗಗಳಲ್ಲಿ ಈ ದಾರಿ ಫಲ ಕೊಟ್ಟೂ ಇದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಮಲದಲ್ಲಿನ ಮಿಥೈಲ್ ಗುರುತುಗಳನ್ನೂ ನೋಡುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕರು 2014ರಲ್ಲಿ, ರಕ್ತದಲ್ಲಿನ ಗುರುತು ನೋಡುವ ಇನ್ನೊಂದಕ್ಕೆ 2016ರಲ್ಲಿ ಒಪ್ಪಿಗೆ ಕೊಟ್ಟರು. ಮೆದುಳಿನ ಗೆಡ್ಡೆಗಳನ್ನು ವಿಂಗಡಿಸಲು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಮಿಥೈಲೀಕರಣದ ಚಿತ್ರವನ್ನು ಆಧಾರವಾಗಿ ಬಳಸುತ್ತದೆ.

ಗುರುತುಗಳನ್ನು ಓದುವ ವಿಧಾನ ಜಾಣತನದ್ದು. ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ರಾಸಾಯನಿಕದಲ್ಲಿ ಇಟ್ಟರೆ ಮಿಥೈಲ್ ಅಂಟಿಲ್ಲದ ಸೈಟೊಸಿನ್‌ಗಳು ಯುರಾಸಿಲ್ ಎಂಬ ಬೇರೆ ಅಕ್ಷರವಾಗಿ ಮಾರ್ಪಡುತ್ತವೆ. ಅಂಟಿದವು ಹಾಗೆಯೇ ಉಳಿಯುತ್ತವೆ. ಆಮೇಲೆ ಅಕ್ಷರಗಳನ್ನು ಓದಿದರೆ ಎಲ್ಲಿ ಗುರುತಿತ್ತು, ಎಲ್ಲಿರಲಿಲ್ಲ ಎಂಬುದು ಬಯಲಾಗುತ್ತದೆ. 1992ರಿಂದ ಬಳಕೆಯಲ್ಲಿರುವ ಈ ತಂತ್ರದ ದೋಷವೆಂದರೆ ಅದು ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಸೂಜಿಯಲ್ಲಿ ಬರುವ ಮಾದರಿಯೇ ಅತ್ಯಲ್ಪ. ಅದರಲ್ಲೂ ಒಂದಿಷ್ಟು ಹಾಳಾದರೆ ಓದಲು ಉಳಿಯುವುದೆಷ್ಟು? ಈಚೆಗೆ ಅದೇ ಕೆಲಸವನ್ನು ಕಿಣ್ವಗಳಿಂದ ಹಗುರವಾಗಿ ಮಾಡುವ ವಿಧಾನವೂ ಬಂದಿದೆ.

ಈ ಕ್ಷೇತ್ರಕ್ಕೆ ಮಿಥೈಲೀಕರಣವೇ ಮೊದಲ ಅತಿಥಿಯಲ್ಲ. ಅನಿಶ್ಚಿತ ಗಂಟುಗಳಿಗಾಗಿ ಅಫಿರ್ಮಾ, ಥೈರೋಸೀಕ್ ಎಂಬ ಎರಡು ಪರೀಕ್ಷೆಗಳು ಅಮೆರಿಕದಲ್ಲಿ ವರ್ಷಗಳಿಂದ ನಡೆಯುತ್ತಿವೆ. ಮೊದಲನೆಯದು ಆರ್‌ಎನ್‌ಎಯನ್ನು, ಅಂದರೆ ಜೀನ್ ಕೆಲಸ ಮಾಡುವಾಗ ಹೊರಡುವ ನಕಲನ್ನು ಓದುತ್ತದೆ. ಎರಡನೆಯದು ನೂರಕ್ಕೂ ಹೆಚ್ಚು ಜೀನ್‌ಗಳಲ್ಲಿನ ಬದಲಾವಣೆಗಳನ್ನು ಹುಡುಕುತ್ತದೆ. 2019ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನದಲ್ಲಿ ಥೈರೋಸೀಕ್ ಶೇ 94ರಷ್ಟು ಕ್ಯಾನ್ಸರ್‌ಗಳನ್ನು ಹಿಡಿಯಿತು, ನಿರುಪದ್ರವಿ ಗಂಟುಗಳಲ್ಲಿ ಶೇ 82ರಷ್ಟನ್ನು ಸರಿಯಾಗಿ ಬಿಡುಗಡೆ ಮಾಡಿತು. ಫಲಿತಾಂಶ ಚೆನ್ನಾಗಿದೆ. ಆದರೆ ಇವುಗಳ ಪಟ್ಟಿ ಬೆಲೆ ಮೂರು ಸಾವಿರ ಡಾಲರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿ ದಾಟುತ್ತದೆ. ಅರಕಲಗೂಡಿನ ರೈತನೊಬ್ಬನಿಗೆ ಈ ಬೆಲೆ ಹೇಳುವುದೂ ಒಂದೇ, ಪರೀಕ್ಷೆ ಇಲ್ಲ ಎನ್ನುವುದೂ ಒಂದೇ.

ನನಗೆ ಮಿಥೈಲೀಕರಣದ ಬಗ್ಗೆ ಆಸಕ್ತಿ ಹುಟ್ಟಿದ್ದು ಇಲ್ಲಿ. ಆರ್‌ಎನ್‌ಎ ಬೇಗ ಕೆಡುವ ವಸ್ತು. ಮಾದರಿ ತೆಗೆದ ಕೂಡಲೇ ವಿಶೇಷ ದ್ರಾವಣದಲ್ಲಿಟ್ಟು ತಣ್ಣಗೆ ಸಾಗಿಸಬೇಕು. ಡಿಎನ್‌ಎ ಹಾಗಲ್ಲ, ಗಟ್ಟಿಮುಟ್ಟು. ಮಿಥೈಲ್ ಗುರುತು ಡಿಎನ್‌ಎಗೇ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಬಯಾಪ್ಸಿ ತುಣುಕಿನಿಂದಲೂ, ಬಣ್ಣ ಹಾಕಿದ ಹಳೆಯ ಸ್ಲೈಡಿನಿಂದಲೂ ಅದನ್ನು ಓದಲು ಸಾಧ್ಯವಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ಬಸ್ಸುಗಳು ನಿಂತುಹೋಗುವ ಸೀಮೆಯಲ್ಲಿ ಎರಡು ದಿನ ತಡವಾದರೂ ಕೆಡದ ಮಾದರಿ ಸಣ್ಣ ಅನುಕೂಲವಲ್ಲ. ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಯಾವ ತಾಣಗಳನ್ನು ನೋಡಬೇಕು ಎಂಬುದು ಒಮ್ಮೆ ಖಚಿತವಾದರೆ, ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಆರಿಸಿ ಸಾಮಾನ್ಯ ರಿಯಲ್ ಟೈಮ್ ಪಿಸಿಆರ್ ಯಂತ್ರದಲ್ಲೇ ಅಳೆಯಬಹುದು. ಕೋವಿಡ್ ಕಾಲದಲ್ಲಿ ಗಂಟಲ ದ್ರವ ಪರೀಕ್ಷಿಸಲು ಜಿಲ್ಲಾ ಮಟ್ಟದ ಪ್ರಯೋಗಾಲಯಗಳಿಗೆ ಬಂದದ್ದು ಇದೇ ಜಾತಿಯ ಯಂತ್ರ, ಜೊತೆಗೆ ಅದನ್ನು ನಡೆಸಲು ತರಬೇತಾದ ಕೈಗಳು. ಬೈಸಲ್ಫೈಟ್ ಕಿಟ್, ಗುಣಮಟ್ಟದ ನಿಯಂತ್ರಣ, ಒಬ್ಬ ತಜ್ಞರ ಮೇಲ್ವಿಚಾರಣೆ ಇವು ಹೊಸದಾಗಿ ಬೇಕು. ಉಳಿದದ್ದರಲ್ಲಿ ಬಹುಪಾಲು ಇದೆ.

ಇಂಥ ಪರೀಕ್ಷೆ ಬಂದರೆ ಏನಾಗಬಹುದು ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಬೆಥೆಸ್ಡಾ 3 ಅಥವಾ 4 ಎಂಬ ವರದಿ ಪಡೆದ 100 ಜನರಲ್ಲಿ 25 ಜನರಿಗೆ ನಿಜಕ್ಕೂ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ ಶೇ 92ರಷ್ಟು ಕ್ಯಾನ್ಸರ್ ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 80ರಷ್ಟು ಜನರನ್ನು ಸರಿಯಾಗಿ 'ಇಲ್ಲ' ಎನ್ನುತ್ತದೆ. ಆಗ 25ರಲ್ಲಿ 23 ಸಿಗುತ್ತವೆ, 2 ತಪ್ಪಿಹೋಗುತ್ತವೆ. ಕ್ಯಾನ್ಸರ್ ಇಲ್ಲದ 75 ಜನರಲ್ಲಿ 60 ಜನ ಶಸ್ತ್ರಚಿಕಿತ್ಸೆಯಿಂದ ಪಾರಾಗುತ್ತಾರೆ, 15 ಜನರ ಮೇಲೆ ಸುಳ್ಳು ಅನುಮಾನ ಉಳಿಯುತ್ತದೆ. ನೂರು ಜನರ ಬದಲು 38 ಜನ ಆಪರೇಷನ್ ಥಿಯೇಟರ್ ಕಡೆ ಹೋಗುತ್ತಾರೆ. ತಪ್ಪಿಹೋದ ಆ ಇಬ್ಬರ ಬಗ್ಗೆ ಹೆದರಿಕೆ ಆಗುವುದು ನ್ಯಾಯವೇ. ಅದಕ್ಕೇ 'ಇಲ್ಲ' ಎಂದು ಬಂದವರೂ ಸ್ಕ್ಯಾನಿಂಗ್ ಬಿಡುವಂತಿಲ್ಲ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಬಹುಪಾಲು ನಿಧಾನವಾಗಿ ಬೆಳೆಯುವುದರಿಂದ ತಡವಾಗಿ ಹಿಡಿದರೂ ಸಾಮಾನ್ಯವಾಗಿ ಅವಕಾಶ ಉಳಿದಿರುತ್ತದೆ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾದ, ಅಪಾಯದ ಲಕ್ಷಣವಿಲ್ಲದ ಪ್ಯಾಪಿಲರಿ ಕ್ಯಾನ್ಸರ್‌ಗಳನ್ನು ಕತ್ತರಿಸದೆ ಗಮನಿಸುತ್ತಾ ಇರುವ ಕ್ರಮ 1993ರಲ್ಲೇ ಶುರುವಾಯಿತು.

ಇದೇ ಪರೀಕ್ಷೆಯನ್ನು ರಕ್ತದ ಮೇಲೆ ಮಾಡಿ ಊರಿಗೆಲ್ಲ ಹಂಚಿದರೆ ಲೆಕ್ಕ ತಲೆಕೆಳಗಾಗುತ್ತದೆ. ಒಂದು ಲಕ್ಷ ಆರೋಗ್ಯವಂತರಲ್ಲಿ ಹತ್ತು ಜನರಿಗೆ ಕ್ಯಾನ್ಸರ್ ಇದೆಯೆನ್ನೋಣ. ಪರೀಕ್ಷೆ ಶೇ 95ರಷ್ಟು ನಿಖರವಾಗಿ 'ಇಲ್ಲ' ಎಂದರೂ ಸುಮಾರು 5,000 ಜನರಿಗೆ ಸುಳ್ಳು ಅಪಾಯದ ಗಂಟೆ ಬಾರಿಸುತ್ತದೆ. ಅಲ್ಲದೆ ಸಣ್ಣ ಥೈರಾಯ್ಡ್ ಗೆಡ್ಡೆಗಳು ರಕ್ತಕ್ಕೆ ಬಿಡುವ ಡಿಎನ್‌ಎ ತೀರಾ ಕಡಿಮೆ. ರಕ್ತದಲ್ಲಿ ಹುಡುಕುವುದೇ ಕಷ್ಟ.

ಇದು ಬರೀ ಊಹೆಯ ಭಯವಲ್ಲ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭವಾದಾಗ ಥೈರಾಯ್ಡ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಆಸ್ಪತ್ರೆಗಳು ಸ್ವಲ್ಪ ಹೆಚ್ಚುವರಿ ಹಣಕ್ಕೆ ಕತ್ತಿನ ಸ್ಕ್ಯಾನಿಂಗನ್ನೂ ಸೇರಿಸಿಕೊಟ್ಟವು. 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿ ಇದ್ದದ್ದರ 15 ಪಟ್ಟು ಏರಿತ್ತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಅಂದರೆ ಯಾರನ್ನೂ ಕೊಲ್ಲದಿದ್ದ ಪುಟ್ಟ ಕ್ಯಾನ್ಸರ್‌ಗಳನ್ನು ಹುಡುಕಿ ಹುಡುಕಿ ಕತ್ತರಿಸಿದ್ದರು. ಶಸ್ತ್ರಚಿಕಿತ್ಸೆಗೆ ಒಳಗಾದ 15,000ಕ್ಕೂ ಹೆಚ್ಚು ಜನರ ವಿಮೆ ದಾಖಲೆ ನೋಡಿದಾಗ ಶೇ 11ರಷ್ಟು ಜನರಿಗೆ ಪ್ಯಾರಾಥೈರಾಯ್ಡ್ ಕೊರತೆ, ಶೇ 2ರಷ್ಟು ಜನರಿಗೆ ಧ್ವನಿತಂತುವಿನ ಪಾರ್ಶ್ವವಾಯು ಕಂಡುಬಂತು. 2014ರಲ್ಲಿ ವೈದ್ಯರೇ ಇದರ ವಿರುದ್ಧ ಬಹಿರಂಗವಾಗಿ ಮಾತನಾಡಿದ ಮೇಲೆ ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದವು. ರೋಗಲಕ್ಷಣವಿಲ್ಲದ ವಯಸ್ಕರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡವೆಂದು ಅಮೆರಿಕದ ತಜ್ಞರ ಸಮಿತಿ 2017ರಲ್ಲಿ ಸ್ಪಷ್ಟವಾಗಿ ಹೇಳಿತು. ನಮ್ಮ ಜಿಲ್ಲಾ ಕೇಂದ್ರಗಳಲ್ಲೂ 'ಸಂಪೂರ್ಣ ದೇಹ ತಪಾಸಣೆ' ಎಂಬ ರಿಯಾಯಿತಿ ಪ್ಯಾಕೇಜುಗಳ ಫ್ಲೆಕ್ಸ್ ಕಾಣುತ್ತಿರುವಾಗ ಕೊರಿಯಾದ ಈ ಪಾಠ ದೂರದ್ದೆಂದು ನನಗೆ ಅನಿಸುವುದಿಲ್ಲ. ಮಿಥೈಲೀಕರಣ ಪರೀಕ್ಷೆ ಅಂಥ ಪ್ಯಾಕೇಜಿನೊಳಗೆ ಹೊಕ್ಕಿತೆಂದರೆ ಅದು ತಪ್ಪಿಸಬೇಕಾದ ಅನಾಹುತವನ್ನು ತಾನೇ ತರುತ್ತದೆ.

ಮಲೆನಾಡಿನ ಪ್ರಶ್ನೆ ಒಂದು ಪ್ರತ್ಯೇಕವಾಗಿಯೇ ಇದೆ. ಜೋರು ಮಳೆ ಬೀಳುವ ಬೆಟ್ಟದ ಸೀಮೆಯ ಮಣ್ಣಿನಲ್ಲಿ ಅಯೋಡಿನ್ ತೊಳೆದುಹೋಗುತ್ತದೆ. ಚಿಕ್ಕಮಗಳೂರು ಗಳಗಂಡ ಹೆಚ್ಚಿರುವ ಜಿಲ್ಲೆಗಳಲ್ಲಿ ಒಂದೆಂದು ಗುರುತಿಸಲ್ಪಟ್ಟಿತ್ತು. ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಶುರುವಾಯಿತು; ಅಯೋಡಿನ್ ಬೆರೆಸಿದ ಉಪ್ಪು ಬಂದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿತು. ಆದರೂ ಹಳೆಯ ತಲೆಮಾರಿನ ಹಲವರ ಕತ್ತಿನಲ್ಲಿ ಹಲವು ಗಂಟುಗಳ ಗ್ರಂಥಿ ಉಳಿದೇ ಇದೆ. ಅಯೋಡಿನ್ ಕೊರತೆಯ ಸೀಮೆಗಳಲ್ಲಿ ಪ್ಯಾಪಿಲರಿಗೆ ಹೋಲಿಸಿದರೆ ಫಾಲಿಕ್ಯುಲರ್ ಕ್ಯಾನ್ಸರಿನ ಪಾಲು ಹೆಚ್ಚು. ಸೂಜಿ ಪರೀಕ್ಷೆ ಸೋಲುವುದೂ, ನಿರುಪದ್ರವಿ ಗಂಟುಗಳು ಅದೇ ವೇಷದಲ್ಲಿ ಬಂದು ದಾರಿ ತಪ್ಪಿಸುವುದೂ ಇಲ್ಲೇ. ಮಿಥೈಲ್ ಗುರುತುಗಳ ಅಧ್ಯಯನಗಳಿಗಾದರೋ ಮಾದರಿಗಳು ಹೆಚ್ಚಾಗಿ ಅಮೆರಿಕ, ಯುರೋಪ್, ಚೀನಾ, ಕೊರಿಯಾಗಳಿಂದ, ಅದರಲ್ಲೂ ಪ್ಯಾಪಿಲರಿ ಕ್ಯಾನ್ಸರ್‌ಗಳಿಂದ ಬಂದಿವೆ. 2014ರಲ್ಲಿ ಪ್ರಕಟವಾದ, ಈ ಕ್ಷೇತ್ರದವರೆಲ್ಲ ಇಂದಿಗೂ ಆಧರಿಸುವ ಅಮೆರಿಕದ ಕ್ಯಾನ್ಸರ್ ಜೀನೋಮ್ ದತ್ತಾಂಶದ 496 ಗೆಡ್ಡೆಗಳೂ ಪ್ಯಾಪಿಲರಿಯವೇ. ಫಾಲಿಕ್ಯುಲರ್ ಅಡಿನೋಮಾ ಮತ್ತು ಫಾಲಿಕ್ಯುಲರ್ ಕ್ಯಾನ್ಸರ್ ಮಿಥೈಲೀಕರಣದಲ್ಲೂ ಒಂದನ್ನೊಂದು ಹೋಲುತ್ತವೆ. ಅವುಗಳನ್ನು ಬೇರ್ಪಡಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಜೊತೆಗೆ ಥೈರಾಯ್ಡ್ ಉರಿಯೂತ ಇರುವವರ ಗ್ರಂಥಿಯಲ್ಲಿ ಬಿಳಿ ರಕ್ತಕಣಗಳು ತುಂಬಿರುತ್ತವೆ. ಅವುಗಳ ಮಿಥೈಲ್ ಮಾದರಿ ಬೇರೆಯೇ ಆದ್ದರಿಂದ, ಸೂಜಿಯಲ್ಲಿ ಅವೂ ಬಂದರೆ ಲೆಕ್ಕ ಕಲಸಿಹೋಗುತ್ತದೆ. ಬೇರೆಡೆ ಪಾಸಾದ ಪರೀಕ್ಷೆಯನ್ನು ಮೂಡಿಗೆರೆ, ಕೊಪ್ಪದ ರೋಗಿಗಳ ಮೇಲೆ ಕಣ್ಣುಮುಚ್ಚಿ ಹೇರುವುದನ್ನು ನಾನು ಒಪ್ಪಲಾರೆ.

ಹಣದ ವಿಚಾರದಲ್ಲಿ ಒಂದು ವಿಚಿತ್ರವಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರ ಚಿಕಿತ್ಸೆಯ ಸುತ್ತ ಕಟ್ಟಿದ್ದು. ಬಿಪಿಎಲ್ ಕುಟುಂಬದವರಿಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಗೆ ಅದರಲ್ಲಿ ದಾರಿಯಿದೆ. ಆ ಶಸ್ತ್ರಚಿಕಿತ್ಸೆಯನ್ನೇ ತಪ್ಪಿಸಬಲ್ಲ ಹೊರರೋಗಿ ಪರೀಕ್ಷೆಗೆ ಇಲ್ಲ. ಹೀಗಿರುವಾಗ ಬಡ ರೋಗಿಗೆ ಕತ್ತರಿಸಿಕೊಳ್ಳುವುದೇ ಅಗ್ಗದ ದಾರಿಯಾಗಿ ಕಾಣುತ್ತದೆ. ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಈ ಗಂಟು ಬಿಡಿಸದೆ ಅದು ಖಾಸಗಿ ಆಸ್ಪತ್ರೆಗಳ ಸವಲತ್ತಾಗಿ ಉಳಿಯುತ್ತದೆ.

ಮಿಥೈಲೀಕರಣ ಪರೀಕ್ಷೆ ಕೈಗೆ ಸಿಗುವವರೆಗೆ ಬೆಥೆಸ್ಡಾ 3 ಎಂಬ ವರದಿ ಹಿಡಿದವರು ಮಾಡಬಹುದಾದದ್ದು ಇಲ್ಲದಿಲ್ಲ. ಸೂಜಿ ಪರೀಕ್ಷೆಯನ್ನು ಕೆಲವು ವಾರಗಳ ನಂತರ ಮತ್ತೊಮ್ಮೆ ಮಾಡಿಸಿದರೆ ಹಲವರಿಗೆ ಸ್ಪಷ್ಟ ಉತ್ತರ ಸಿಗುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಗಂಟಿನ ಅಂಚು, ಆಕಾರ, ಸುಣ್ಣದ ಕಣಗಳ ಆಧಾರದ ಮೇಲೆ ಕೊಡುವ 'ಟೈರಾಡ್ಸ್' ಅಂಕ ಎಷ್ಟಿದೆ ಎಂದು ಕೇಳಬೇಕು. ಅದೇ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿ ತಜ್ಞರಿಗೆ ತೋರಿಸಬಹುದು. ಸ್ಲೈಡ್ ಕೇಳಿ ಪಡೆಯಲು ಸಂಕೋಚ ಬೇಡ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಮಂಗಳೂರಿನ ದೊಡ್ಡ ಆಸ್ಪತ್ರೆಗೋ ಹೋಗುವವರು ವರದಿಯ ಪ್ರತಿ ಜೊತೆಗೆ ಸ್ಲೈಡುಗಳನ್ನೂ ಒಯ್ದರೆ ಅರ್ಧ ಕೆಲಸ ಮುಗಿಯುತ್ತದೆ.

ಆ ಸ್ಲೈಡುಗಳಿಗೆ ಇನ್ನೊಂದು ಉಪಯೋಗವೂ ಇದೆ. ಹಾಸನ ಮತ್ತು ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಪೆಥಾಲಜಿ ವಿಭಾಗಗಳು ಸೂಜಿ ಪರೀಕ್ಷೆಯ ಹಳೆಯ ಸ್ಲೈಡುಗಳನ್ನು, ಅದೇ ರೋಗಿಗಳ ಶಸ್ತ್ರಚಿಕಿತ್ಸೆಯ ನಂತರದ ಬಯಾಪ್ಸಿ ಫಲಿತಾಂಶದೊಂದಿಗೆ ಹೊಂದಿಸಿದರೆ, ಯಾವ ಗಂಟು ಕ್ಯಾನ್ಸರ್ ಆಗಿತ್ತು, ಯಾವುದು ಆಗಿರಲಿಲ್ಲ ಎಂಬ ಉತ್ತರ ಸಹಿತ ಪ್ರಶ್ನೆಪತ್ರಿಕೆಯೇ ಕೈಯಲ್ಲಿರುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಈ ಸ್ಲೈಡುಗಳ ಡಿಎನ್‌ಎಯಲ್ಲಿ ಹೊರದೇಶಗಳ ಗುರುತುಗಳು ಹೊಂದುತ್ತವೆಯೇ ಎಂದು ನೋಡಲು ಹೊಸ ರೋಗಿಗಳಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಪ್ರಬಂಧಕ್ಕೆ ತಕ್ಕ ಗಾತ್ರದ ಕೆಲಸ ಇದು. ಮಲೆನಾಡಿನ ಗಂಟುಗಳಲ್ಲಿ ಫಾಲಿಕ್ಯುಲರ್ ಬಗೆಯ ಪಾಲೆಷ್ಟು, ಬೆಥೆಸ್ಡಾ 3 ಮತ್ತು 4ರಲ್ಲಿ ನಮ್ಮಲ್ಲಿ ನಿಜವಾದ ಕ್ಯಾನ್ಸರ್ ಪ್ರಮಾಣ ಎಷ್ಟು ಎಂಬ ಅಂಕಿಗಳು ಇದೇ ಹಾದಿಯಲ್ಲಿ ಸಿಗುತ್ತವೆ. ಅವು ಸಿಕ್ಕರೆ ಮೇಲೆ ಹಾಕಿದ ನೂರು ಜನರ ಲೆಕ್ಕದಲ್ಲಿ 25 ಎಂದು ನಾನು ಊಹಿಸಿದ ಜಾಗದಲ್ಲಿ ಈ ಎರಡು ಜಿಲ್ಲೆಗಳದೇ ಸಂಖ್ಯೆಯನ್ನು ಬರೆಯಬಹುದು.